ಎಣ್ಣೆ ಬಾವಿಯಿಂದ ಆಟದ ಬಯಲಿಗೆ: ಕೊಲ್ಲಿ ನಾಡುಗಳ ಹೊಸ ಲೆಕ್ಕಾಚಾರ

ಮೊನ್ನೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಡೊಂಬಿವಲಿಯ ಹಿರಿಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಹೊಟೇಲ್ ಮ್ಯಾನೇಜ್‌ಮೆಂಟ್ ಓದಿರುವ ಅವರ ಮಗನಿಗೆ ಸೌದಿ ಅರೇಬಿಯಾದ ರಿಯಾದ್‌ನಿಂದ ಕೆಲಸದ ಕರೆ ಬಂದಿದೆ. 'ನಾನು ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ದುಡಿದವನು ಮಾರಾಯ್ರೆ. ನಮ್ಮ ಕಾಲದಲ್ಲಿ ಎಣ್ಣೆ ಕಂಪೆನಿ, ಕಟ್ಟಡದ ಕೆಲಸ, ಅಂಗಡಿ, ಹೊಟೇಲು ಅಂತ ಇತ್ತು. ಇವನಿಗೆ ಸಿಕ್ಕಿರುವುದು ಆಟ, ಸಂಗೀತ, ಉತ್ಸವ ನಡೆಸುವ ಕಂಪೆನಿಯಲ್ಲಂತೆ. ಆಟ-ಕುಣಿತ ಎಲ್ಲ ಎಷ್ಟು ದಿನ ನಡೆದೀತು? ಕಳಿಸಬಹುದಾ?' ಎಂದು ಕೇಳಿದರು.

ಈ ಪ್ರಶ್ನೆ ಅವರೊಬ್ಬರದಲ್ಲ. ಮುಂಬಯಿಯಲ್ಲಿ ನೆಲೆಸಿದ ತುಳು-ಕನ್ನಡಿಗರ ಮನೆಗಳಲ್ಲಿ ಗಲ್ಫ್‌ನ ನಂಟು ಇಲ್ಲದ ಮನೆ ವಿರಳ. ಅಣ್ಣ ದುಬೈಯಲ್ಲಿ, ಭಾವ ಕುವೈತ್‌ನಲ್ಲಿ, ಸೋದರಳಿಯ ದೋಹಾದಲ್ಲಿ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾದದ್ದು 2006ರಲ್ಲಿ. ಅದಕ್ಕೆ ಮೊದಲು ಊರಿನಿಂದ ಹೊರಟವರೆಲ್ಲ ಮುಂಬಯಿಗೆ ಬಂದು, ನಮ್ಮ ನೆಂಟರಿಷ್ಟರ ಖೋಲಿಗಳಲ್ಲಿ ನಾಲ್ಕು ದಿನ ತಂಗಿ, ಏಜೆಂಟರ ಕಚೇರಿಗಳಿಗೆ ಅಲೆದು, ಸಹಾರ ವಿಮಾನ ನಿಲ್ದಾಣದಿಂದಲೇ ಹಾರಿದವರು. ಹಾಗಾಗಿ ಕೊಲ್ಲಿ ನಾಡುಗಳ ಆರ್ಥಿಕತೆ ಯಾವ ಕಡೆಗೆ ಹೊರಳುತ್ತಿದೆ ಎನ್ನುವುದು ನಮಗೆ ಬರೇ ವಿದೇಶದ ಸುದ್ದಿಯಲ್ಲ, ಮನೆಯ ವಿಷಯ.

ಅಲ್ಲಿ ಏನೋ ಬದಲಾಗಿದೆ ಎನ್ನುವುದಕ್ಕೆ ಕ್ರಿಕೆಟ್ ಪ್ರಿಯರಿಗೆ ಗೊತ್ತಿರುವ ಒಂದು ಉದಾಹರಣೆ ಸಾಕು. ನಮ್ಮ ಐಪಿಎಲ್ ಆಟಗಾರರ ಹರಾಜು 2023ರ ಡಿಸೆಂಬರ್‌ನಲ್ಲಿ ನಡೆದದ್ದು ದುಬೈಯಲ್ಲಿ. 2024ರ ನವೆಂಬರ್ 24 ಮತ್ತು 25ರಂದು ನಡೆದ ದೊಡ್ಡ ಹರಾಜು ಸೌದಿಯ ಜಿದ್ದಾದಲ್ಲಿ. 2025ರ ಡಿಸೆಂಬರ್‌ನದು ಅಬುಧಾಬಿಯಲ್ಲಿ. ಜಿದ್ದಾದಲ್ಲಿ ಎರಡು ದಿನಗಳಲ್ಲಿ 182 ಆಟಗಾರರು 639 ಕೋಟಿ ರೂಪಾಯಿಗೂ ಹೆಚ್ಚು ಮೊತ್ತಕ್ಕೆ ಮಾರಾಟವಾದರು. ಸುರತ್ಕಲ್‌ನಲ್ಲಿ ಆಡಿ ಬೆಳೆದ ನಮ್ಮ ಕೆ. ಎಲ್. ರಾಹುಲ್ 14 ಕೋಟಿ ರೂಪಾಯಿಗೆ ಡೆಲ್ಲಿ ತಂಡದ ಪಾಲಾದದ್ದೂ ಅಲ್ಲಿಯೇ. ಆಡುವವರು ಇಲ್ಲಿಯವರು, ನೋಡುವವರು ಇಲ್ಲಿಯವರು, ಹಣ ಹೂಡುವವರೂ ಬಹುತೇಕ ಇಲ್ಲಿಯವರು. ಆದರೆ ಹರಾಜು ನಡೆಯುವುದು ಕೆಂಪು ಸಮುದ್ರದ ದಂಡೆಯ ಜಿದ್ದಾದಲ್ಲಿ! ಒಂದು ಹರಾಜನ್ನು ತಮ್ಮ ಊರಿಗೆ ಕರೆಸಿಕೊಳ್ಳುವುದರಿಂದ ಅವರಿಗೇನು ಲಾಭ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ತೈಲದ ಸಿರಿ, ತೈಲದ ಭಯ

ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ವಾಣಿಜ್ಯ ಪ್ರಮಾಣದಲ್ಲಿ ತೈಲ ಸಿಕ್ಕಿದ್ದು 1938ರಲ್ಲಿ. ಅಬುಧಾಬಿಯಲ್ಲಿ 1958ರಲ್ಲಿ, ದುಬೈಯಲ್ಲಿ 1966ರಲ್ಲಿ. ಅದಕ್ಕೆ ಮುಂಚೆ ಆ ಕಡಲತೀರಗಳ ಜನ ಮುತ್ತು ಹೆಕ್ಕಿ, ಮೀನು ಹಿಡಿದು, ಒಂಟೆ ಸಾಕಿ, ಖರ್ಜೂರ ಬೆಳೆದು ಬದುಕಿದವರು. ತೈಲ ಬಂದ ಮೇಲೆ ಒಂದೇ ತಲೆಮಾರಿನಲ್ಲಿ ರಸ್ತೆ, ಆಸ್ಪತ್ರೆ, ಬಂದರು, ವಿಮಾನ ನಿಲ್ದಾಣ ಎಲ್ಲವೂ ಎದ್ದವು. ನಮ್ಮವರು ಅಲ್ಲಿಗೆ ಹೋದದ್ದು ಈ ಕಟ್ಟುವ ಕಾಲದಲ್ಲಿ.

ಆದರೆ ತೈಲಕ್ಕೆ ಎರಡು ದೋಷಗಳಿವೆ. ಒಂದು, ಅದರ ಬೆಲೆ ಅವರ ಕೈಯಲ್ಲಿ ಪೂರ್ತಿ ಇಲ್ಲ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್‌ಗೂ ಮೇಲಿದ್ದ ಬೆಲೆ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ ಕುಸಿಯಿತು. ಬೊಕ್ಕಸ ಬರಿದಾಗತೊಡಗಿ, ಸೌದಿಯ ದೊಡ್ಡ ದೊಡ್ಡ ನಿರ್ಮಾಣ ಕಂಪೆನಿಗಳು ಸಂಬಳ ಕೊಡಲಾಗದೆ ಭಾರತೀಯ ಕಾರ್ಮಿಕರು ಸಾವಿರಗಟ್ಟಲೆ ಸಿಕ್ಕಿಹಾಕಿಕೊಂಡದ್ದು, 2016ರಲ್ಲಿ ನಮ್ಮ ಸರಕಾರವೇ ಅವರಿಗೆ ಊಟದ ವ್ಯವಸ್ಥೆ ಮಾಡಬೇಕಾಗಿ ಬಂದದ್ದು ಓದುಗರಿಗೆ ನೆನಪಿರಬಹುದು. ಎರಡನೆಯ ದೋಷ, ತೈಲ ಹಣ ಕೊಡುತ್ತದೆ, ಆದರೆ ಹೆಚ್ಚು ಉದ್ಯೋಗ ಕೊಡುವುದಿಲ್ಲ. ಬಾವಿ, ಪೈಪು, ಶುದ್ಧೀಕರಣ ಘಟಕಗಳನ್ನು ನೋಡಿಕೊಳ್ಳಲು ಬೇಕಾಗುವ ಕೈಗಳು ಕೆಲವೇ. ಸೌದಿಯ 2022ರ ಜನಗಣತಿಯ ಪ್ರಕಾರ ಅಲ್ಲಿಯ ಒಟ್ಟು ಜನಸಂಖ್ಯೆ 3 ಕೋಟಿ 22 ಲಕ್ಷ. ಅದರಲ್ಲಿ ಶೇಕಡ 41ಕ್ಕೂ ಹೆಚ್ಚು ಮಂದಿ ನಮ್ಮಂತಹ ಹೊರಗಿನವರು. ಸೌದಿ ಪ್ರಜೆಗಳಲ್ಲಿ ಶೇಕಡ 63 ಮಂದಿ 30 ವರ್ಷದೊಳಗಿನವರು. ಇಷ್ಟೊಂದು ಯುವಕ ಯುವತಿಯರಿಗೆ ಕೆಲಸ ಎಲ್ಲಿಂದ ಬರಬೇಕು?

ಇನ್ನೊಂದು ವಿಚಿತ್ರವೂ ಇತ್ತು. ಸೌದಿಯಲ್ಲಿ ಮೂರೂವರೆ ದಶಕಗಳ ಕಾಲ ಸಿನಿಮಾ ಮಂದಿರಗಳೇ ಇರಲಿಲ್ಲ. ಹಾಗಾಗಿ ವಾರದ ರಜೆ ಬಂತೆಂದರೆ ಪೂರ್ವ ಪ್ರಾಂತ್ಯದ ಸೌದಿ ಕುಟುಂಬಗಳು 1986ರಲ್ಲಿ ತೆರೆದ ಸುಮಾರು 25 ಕಿಲೋಮೀಟರ್ ಉದ್ದದ ಕಡಲ ಸೇತುವೆ ದಾಟಿ ಬಹರೈನ್‌ಗೆ ಹೋಗಿ ಸಿನಿಮಾ ನೋಡಿ ಬರುತ್ತಿದ್ದವು. ಉಳ್ಳವರು ದುಬೈಗೆ, ಲಂಡನ್‌ಗೆ ಹಾರುತ್ತಿದ್ದರು. ಅಂದರೆ ತೈಲದಿಂದ ಬಂದ ಹಣ ಮನರಂಜನೆಯ ಹೆಸರಿನಲ್ಲಿ ಪಕ್ಕದ ದೇಶದ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು. ಈ ಹಣವನ್ನು ಮನೆಯಲ್ಲೇ ಉಳಿಸಿಕೊಂಡರೆ, ಜತೆಗೆ ಹೊರಗಿನವರ ಹಣವನ್ನೂ ಒಳಗೆ ತಂದರೆ? ಆಟ ಮತ್ತು ಕಲೆ ಅಲ್ಲಿಯ ಸರಕಾರದ ಆರ್ಥಿಕ ಯೋಜನೆಯೊಳಗೆ ಬಂದದ್ದು ಈ ದಾರಿಯಿಂದ.

ದಾರಿ ತೋರಿಸಿದ ಶಾರ್ಜಾ, ದುಬೈ

ಈ ಪಾಠವನ್ನು ಎಲ್ಲರಿಗಿಂತ ಮೊದಲು ಕಲಿತವರು ಸಂಯುಕ್ತ ಅರಬ್ ಸಂಸ್ಥಾನದವರು. ಅಲ್ಲಿ ಮೊದಲ ಮೊಳಕೆ ಒಡೆದದ್ದು ನಮ್ಮೆಲ್ಲರ ಕಣ್ಣೆದುರಿಗೇ. ಎಂಬತ್ತರ ದಶಕದ ಆರಂಭದಲ್ಲಿ ಉದ್ಯಮಿ ಅಬ್ದುಲ್ ರಹಮಾನ್ ಬುಖಾತಿರ್ ಶಾರ್ಜಾದ ಮರಳಿನಲ್ಲಿ ಕ್ರಿಕೆಟ್ ಮೈದಾನ ಕಟ್ಟಿಸಿದಾಗ ನಕ್ಕವರೇ ಹೆಚ್ಚು. ಆ ದೇಶದವರು ಕ್ರಿಕೆಟ್ ಆಡುವವರೇ ಅಲ್ಲ. ಆದರೆ ಅಲ್ಲಿ ದುಡಿಯುತ್ತಿದ್ದ ಭಾರತ, ಪಾಕಿಸ್ತಾನಗಳ ಲಕ್ಷಾಂತರ ಮಂದಿಗೆ ಶುಕ್ರವಾರದ ರಜೆಯಲ್ಲಿ ನೋಡಲು ಏನಾದರೂ ಬೇಕಿತ್ತು. 1984ರಲ್ಲಿ ಮೊದಲ ಏಷ್ಯಾ ಕಪ್ ಅಲ್ಲೇ ನಡೆದು ಭಾರತ ಗೆದ್ದಿತು. 1986ರಲ್ಲಿ ಜಾವೇದ್ ಮಿಯಾಂದಾದ್ ಕೊನೆಯ ಎಸೆತಕ್ಕೆ ಸಿಕ್ಸರ್ ಬಾರಿಸಿದ್ದು, 1998ರ ಏಪ್ರಿಲ್‌ನಲ್ಲಿ ಮರಳಿನ ಬಿರುಗಾಳಿಯ ನಡುವೆ ನಮ್ಮ ಸಚಿನ್ ಆಸ್ಟ್ರೇಲಿಯಾವನ್ನು ಚಚ್ಚಿದ್ದು ಯಾರಿಗೆ ಮರೆತೀತು? ವಲಸಿಗರ ಬೇಸರ ಕಳೆಯಲು ಹುಟ್ಟಿದ ಆಟ ಆ ಊರಿನ ಹೆಸರನ್ನು ಮನೆ ಮನೆಗೆ ತಲುಪಿಸಿತು.

ದುಬೈ ಇದನ್ನು ವ್ಯವಸ್ಥಿತ ವ್ಯಾಪಾರವನ್ನಾಗಿ ಮಾಡಿತು. 1989ರಲ್ಲಿ ಗಾಲ್ಫ್, 1996ರಲ್ಲಿ ದುಬೈ ವಿಶ್ವಕಪ್ ಎಂಬ ಕುದುರೆ ಪಂದ್ಯ, ಅದೇ ವರ್ಷ ದುಬೈ ಶಾಪಿಂಗ್ ಫೆಸ್ಟಿವಲ್. 2005ರಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಕೇಂದ್ರ ಕಚೇರಿಯೇ ಲಂಡನ್‌ನ ಲಾರ್ಡ್ಸ್‌ನಿಂದ ದುಬೈಗೆ ಬಂತು. ದುಬೈಯ ತೈಲ ಎಂದೂ ಅಬುಧಾಬಿಯಷ್ಟು ಇರಲಿಲ್ಲ. ಇಂದು ಅದರ ಒಟ್ಟು ಉತ್ಪನ್ನದಲ್ಲಿ ತೈಲದ ಪಾಲು ಶೇಕಡ 2ಕ್ಕೂ ಕಡಿಮೆ. ಬದುಕಬೇಕಾದರೆ ವಿಮಾನ, ಬಂದರು, ಹೊಟೇಲು, ವ್ಯಾಪಾರವೇ ಗತಿ. ಈ ನಾಲ್ಕಕ್ಕೂ ಗಿರಾಕಿಗಳನ್ನು ಎಳೆದು ತರುವ ಕೆಲಸ ಆಟ ಮತ್ತು ಉತ್ಸವಗಳದ್ದು.

ಲೆಕ್ಕ ಹೀಗೆ. ಒಂದು ಪಂದ್ಯದ ಟಿಕೆಟ್ ಮಾರಿ ಬರುವ ಹಣ ಅಲ್ಪ. ಆದರೆ ಪಂದ್ಯ ನೋಡಲು ಬಂದವನು ವಿಮಾನದ ಟಿಕೆಟ್ ಕೊಳ್ಳುತ್ತಾನೆ, ಮೂರು ರಾತ್ರಿ ಹೊಟೇಲಿನಲ್ಲಿ ಇರುತ್ತಾನೆ, ಟ್ಯಾಕ್ಸಿ ಹತ್ತುತ್ತಾನೆ, ಹೆಂಡತಿ ಮಕ್ಕಳಿಗೆ ಚಿನ್ನವೋ ಸುಗಂಧವೋ ಕೊಳ್ಳುತ್ತಾನೆ. ಟಿವಿಯಲ್ಲಿ ನೋಡಿದ ಕೋಟ್ಯಂತರ ಮಂದಿಯಲ್ಲಿ ಒಂದಿಷ್ಟು ಜನ ಮುಂದಿನ ರಜೆಗೆ ಅಲ್ಲಿಗೇ ಹೋಗೋಣ ಎಂದುಕೊಳ್ಳುತ್ತಾರೆ. ಮೈದಾನ, ಹೊಟೇಲು, ವಿಮಾನ, ಸುಲಭದ ವೀಸಾ ಈ ನಾಲ್ಕೂ ಸದಾ ಸಿದ್ಧವಾಗಿರುವ ಊರಿಗೆ ಬೇರೆಯವರ ಸಂಕಟವೂ ವ್ಯಾಪಾರವಾಗುತ್ತದೆ. ಲೋಕಸಭಾ ಚುನಾವಣೆಯ ಕಾರಣ 2014ರ ಐಪಿಎಲ್‌ನ ಮೊದಲ ಹಂತ ಅಲ್ಲಿಗೆ ಹೋಯಿತು. ಕೊರೋನಾದಿಂದಾಗಿ 2020ರ ಇಡೀ ಐಪಿಎಲ್ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ನಡೆದು ನಮ್ಮ ಮುಂಬಯಿ ತಂಡ ದುಬೈಯಲ್ಲೇ ಕಪ್ ಎತ್ತಿತು. 2024ರ ಮಹಿಳೆಯರ ಟಿ-20 ವಿಶ್ವಕಪ್ ಬಾಂಗ್ಲಾದೇಶದಿಂದ ಅಲ್ಲಿಗೆ ಸ್ಥಳಾಂತರವಾಯಿತು. 2025ರ ಚಾಂಪಿಯನ್ಸ್ ಟ್ರೋಫಿಯ ಆತಿಥ್ಯ ಪಾಕಿಸ್ತಾನದ್ದಾದರೂ ಭಾರತದ ಪಂದ್ಯಗಳೆಲ್ಲ, ಫೈನಲ್ ಸಹಿತ, ನಡೆದದ್ದು ದುಬೈಯಲ್ಲಿ. 2024ರಲ್ಲಿ ಆ ಒಂದು ನಗರಕ್ಕೆ ಬಂದು ತಂಗಿದ ಪ್ರವಾಸಿಗರ ಸಂಖ್ಯೆ 1 ಕೋಟಿ 87 ಲಕ್ಷ. ಅವರೆಲ್ಲ ಆಟ ನೋಡಲು ಬಂದವರಲ್ಲ, ನಿಜ. ಆದರೆ ಆ ಹೆಸರನ್ನು ಅವರ ಕಿವಿಗೆ ಹಾಕಿದ್ದರಲ್ಲಿ ಆಟದ ಪಾಲು ದೊಡ್ಡದು.

ಕಲೆ ನಿಧಾನ, ಆದರೆ ಬೇರು ಆಳ

ಆಟದ ಜತೆ ಕಲೆ, ಸಾಹಿತ್ಯಗಳೂ ಬಂದವು. ಶಾರ್ಜಾದ ಅಂತಾರಾಷ್ಟ್ರೀಯ ಪುಸ್ತಕ ಮೇಳ 1982ರಲ್ಲಿ ಆರಂಭವಾದದ್ದು. 2019ರಲ್ಲಿ ಯುನೆಸ್ಕೋ ಶಾರ್ಜಾವನ್ನು ವಿಶ್ವ ಪುಸ್ತಕ ರಾಜಧಾನಿ ಎಂದು ಹೆಸರಿಸಿತು. ಆ ಮೇಳದಲ್ಲಿ ನಮ್ಮ ನೆರೆಯ ಮಲಯಾಳಿಗಳ ಪ್ರಕಾಶಕರು, ಲೇಖಕರು, ಓದುಗರು ತುಂಬಿ ತುಳುಕುತ್ತಾರೆ. ಅವರಿಗೆ ಅದು ಭಾಷೆಯ ಅಭಿಮಾನವೂ ಹೌದು, ಪುಸ್ತಕ ಮಾರುವ ಮಾರುಕಟ್ಟೆಯೂ ಹೌದು. ಅಬುಧಾಬಿ 2007ರಲ್ಲಿ ಫ್ರಾನ್ಸ್ ಜತೆ ಒಪ್ಪಂದ ಮಾಡಿಕೊಂಡು, ಜೀನ್ ನೂವೆಲ್ ಎಂಬ ವಾಸ್ತುಶಿಲ್ಪಿಯಿಂದ ಕಟ್ಟಿಸಿದ ಲೂವ್ರ್ ಅಬುಧಾಬಿ ವಸ್ತು ಸಂಗ್ರಹಾಲಯವನ್ನು 2017ರ ನವೆಂಬರ್‌ನಲ್ಲಿ ತೆರೆಯಿತು. ಮಾತು ಕೊಟ್ಟದ್ದಕ್ಕೂ ಬಾಗಿಲು ತೆರೆದದ್ದಕ್ಕೂ ನಡುವೆ ಹತ್ತು ವರ್ಷ! ಕಲೆಯ ವ್ಯವಹಾರ ಎಷ್ಟು ನಿಧಾನದ್ದು ಎನ್ನುವುದಕ್ಕೆ ಇದೇ ಸಾಕ್ಷಿ.

ನಿಧಾನವಾದರೂ ಅದರ ಗುಣ ಬೇರೆ. ಒಂದು ಪಂದ್ಯ ಒಂದು ಸಂಜೆಗೆ ಮುಗಿಯುತ್ತದೆ. ವಸ್ತು ಸಂಗ್ರಹಾಲಯ ಸೋಮವಾರದ ರಜೆ ಬಿಟ್ಟರೆ ವರ್ಷವಿಡೀ ತೆರೆದಿರುತ್ತದೆ. ಮಾರ್ಗದರ್ಶಕರು, ಕಾವಲುಗಾರರು, ದುರಸ್ತಿಗಾರರು, ಬೆಳಕಿನ ವ್ಯವಸ್ಥೆಯವರು, ಕ್ಯಾಂಟೀನಿನವರು, ಎಲ್ಲರಿಗೂ ನಿತ್ಯದ ಕೆಲಸ. 2024ರ ಫೆಬ್ರವರಿ 14ರಂದು ಅಬುಧಾಬಿಯಲ್ಲಿ ಉದ್ಘಾಟನೆಗೊಂಡ ಸ್ವಾಮಿನಾರಾಯಣ ಮಂದಿರಕ್ಕೂ ಇಂದು ಪ್ರವಾಸಿಗರು ಸಾಲುಗಟ್ಟಿ ಬರುತ್ತಾರೆ. ಶ್ರದ್ಧೆಯ ತಾಣವೊಂದು ಊರಿನ ಹೊಟೇಲು, ಟ್ಯಾಕ್ಸಿಗಳಿಗೂ ಆಸರೆಯಾಗುವುದನ್ನು ಉಡುಪಿ, ಧರ್ಮಸ್ಥಳ ಬಲ್ಲ ನಮಗೆ ವಿವರಿಸಿ ಹೇಳಬೇಕಾಗಿಲ್ಲ.

ಕತಾರ್‌ನ ಹನ್ನೆರಡು ವರ್ಷ

ಅತಿ ದೊಡ್ಡ ಪಣ ಒಡ್ಡಿದ್ದು ಪುಟ್ಟ ಕತಾರ್. 2010ರ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್‌ನ ಆತಿಥ್ಯ ಸಿಕ್ಕಿದಂದಿನಿಂದ 2022ರ ನವೆಂಬರ್ 20ರಂದು ಮೊದಲ ಚೆಂಡು ಉರುಳುವ ತನಕ ಹನ್ನೆರಡು ವರ್ಷ ಆ ದೇಶ ಕಟ್ಟುತ್ತಲೇ ಇತ್ತು. ಎಂಟು ಕ್ರೀಡಾಂಗಣ, ಮೆಟ್ರೋ ರೈಲು, ಹೊಸ ವಿಮಾನ ನಿಲ್ದಾಣ, ರಸ್ತೆ, ಹೊಟೇಲು ಎಲ್ಲ ಸೇರಿ 200 ಬಿಲಿಯನ್ ಡಾಲರ್‌ಗೂ ಮಿಕ್ಕಿ ವೆಚ್ಚವಾಯಿತೆಂಬ ಅಂದಾಜಿದೆ. ಆಟದಲ್ಲಿ ಕತಾರ್ ತಂಡ ಮೂರಕ್ಕೆ ಮೂರೂ ಪಂದ್ಯ ಸೋತಿತು. ಆದರೆ ಆ ದೇಶದ ಲೆಕ್ಕ ಗೋಲುಗಳದ್ದಾಗಿರಲಿಲ್ಲ.

ಕಪ್ ಮುಗಿದ ಮರುದಿನ ಏನು ಎಂಬ ಪ್ರಶ್ನೆ ಎಲ್ಲ ಆತಿಥೇಯರಿಗೂ ಎದುರಾಗುವಂಥದು. 2004ರ ಒಲಿಂಪಿಕ್ಸ್ ನಡೆಸಿದ ಅಥೆನ್ಸ್‌ನಲ್ಲಿ ಹಲವು ಕ್ರೀಡಾಂಗಣಗಳು ಬಳಿಕ ಹುಲ್ಲು ಬೆಳೆದು ಪಾಳು ಬಿದ್ದದ್ದು ಜಗತ್ತಿಗೇ ಗೊತ್ತು. ಕತಾರ್ ಅದೇ ಮೈದಾನಗಳಿಗೆ ಮತ್ತೆ ಕೆಲಸ ಹುಡುಕಿತು. ಚೀನಾ ಕೈಬಿಟ್ಟ ಏಷ್ಯಾ ಕಪ್ ಫುಟ್‌ಬಾಲ್ ಅನ್ನು 2024ರ ಆರಂಭದಲ್ಲಿ ನಡೆಸಿ ಗೆದ್ದೂ ಬಿಟ್ಟಿತು. 2025ರ ನವೆಂಬರ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಡೆಸಿತು. ಇಷ್ಟಾದರೂ ವಿಶ್ವಕಪ್‌ನ ಒಂದು ತಿಂಗಳ ಜಾತ್ರೆಗೆಂದು ಕಟ್ಟಿದ ಎಲ್ಲ ಕೋಣೆಗಳನ್ನೂ ವರ್ಷವಿಡೀ ತುಂಬಿಸುವುದು ಸುಲಭವಲ್ಲ. ನನ್ನ ಪರಿಚಯದ ಹುಡುಗನೊಬ್ಬ ಆಗ ದೋಹಾದ ಹೊಟೇಲೊಂದರಲ್ಲಿದ್ದ. ವಿಶ್ವಕಪ್ ತಿಂಗಳಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ದುಡಿದು ಓವರ್‌ಟೈಮ್ ಗಳಿಸಿದ. ಮಾರ್ಚ್‌ನಲ್ಲಿ ಅವನ ಕರಾರು ನವೀಕರಣವಾಗಲಿಲ್ಲ. ಜಾತ್ರೆ ಮುಗಿದ ಮೇಲೆ ಡೇರೆ ಬಿಚ್ಚುವುದು ಸಹಜ. ಆದರೆ ಡೇರೆಯನ್ನೇ ನಂಬಿದವನಿಗೆ ಅದರ ಬಿಸಿ ತಟ್ಟುತ್ತದೆ.

ಕಟ್ಟಿದವರ ಬೆವರಿನ ಕತೆಯನ್ನೂ ಮರೆಯಲಾಗದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಧ್ಯಯನದ ಪ್ರಕಾರ 2020ರ ಒಂದೇ ವರ್ಷದಲ್ಲಿ ಕತಾರ್‌ನಲ್ಲಿ ಕೆಲಸದ ವೇಳೆ 50 ಮಂದಿ ಸತ್ತರು, 500ಕ್ಕೂ ಹೆಚ್ಚು ಮಂದಿ ತೀವ್ರವಾಗಿ ಗಾಯಗೊಂಡರು. ಹೀಗೆ ಸತ್ತವರಲ್ಲಿ, ಗಾಯಗೊಂಡವರಲ್ಲಿ ಹೆಚ್ಚಿನವರು ಭಾರತ, ನೇಪಾಳ, ಬಾಂಗ್ಲಾದೇಶಗಳಿಂದ ಹೋದವರು. ಜಗತ್ತಿನ ಕಣ್ಣು ಬಿದ್ದದ್ದರಿಂದ ಕೆಲವು ಸುಧಾರಣೆಗಳೂ ಬಂದವು ಎನ್ನುವುದನ್ನು ಒಪ್ಪಬೇಕು. ಮಾಲಿಕನ ಒಪ್ಪಿಗೆ ಪತ್ರವಿಲ್ಲದೆ ಬೇರೆ ಕೆಲಸಕ್ಕೆ ಸೇರುವ ಅವಕಾಶ 2020ರಲ್ಲಿ ಬಂತು. 2021ರ ಮಾರ್ಚ್‌ನಿಂದ ತಿಂಗಳಿಗೆ 1000 ರಿಯಾಲ್ ಕನಿಷ್ಠ ವೇತನ, ಊಟ ವಸತಿ ಕೊಡದಿದ್ದರೆ ಅದಕ್ಕೆ ಬೇರೆ 800 ರಿಯಾಲ್ ಜಾರಿಯಾಯಿತು. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ವರೆಗೆ ಬಿಸಿಲಲ್ಲಿ ದುಡಿಸಬಾರದೆಂಬ ನಿಯಮವೂ ಬಂತು. ಪುಸ್ತಕದಲ್ಲಿರುವ ಕಾನೂನು ಬಿಸಿಲಿನಲ್ಲಿ ನಿಂತವನ ತನಕ ಎಷ್ಟು ತಲುಪುತ್ತದೆ ಎಂಬ ದೂರು ಮಾತ್ರ ನಿಂತಿಲ್ಲ.

ಸೌದಿಯ ತಿರುವು

ಈಗ ಡೊಂಬಿವಲಿಯ ಹುಡುಗ ಹೋಗಬೇಕೆಂದಿರುವ ಸೌದಿಗೆ ಬರೋಣ. ತೈಲ ಬೆಲೆ ನೆಲಕಚ್ಚಿದ್ದ 2016ರ ಏಪ್ರಿಲ್ 25ರಂದು ಅಲ್ಲಿ 'ವಿಷನ್ 2030' ಎಂಬ ಯೋಜನೆ ಪ್ರಕಟವಾಯಿತು. ತೈಲದ ಮೇಲಿನ ಅವಲಂಬನೆ ತಗ್ಗಿಸುವುದು ಅದರ ಮುಖ್ಯ ಉದ್ದೇಶ. ಅದೇ ವರ್ಷ ಮನರಂಜನೆಗೆಂದೇ ಸರಕಾರಿ ಪ್ರಾಧಿಕಾರ ಹುಟ್ಟಿತು, 2018ರಲ್ಲಿ ಸಂಸ್ಕೃತಿ ಸಚಿವಾಲಯ ಪ್ರತ್ಯೇಕವಾಯಿತು. 2018ರ ಜನವರಿಯಲ್ಲಿ ಜಿದ್ದಾದ ಕ್ರೀಡಾಂಗಣದಲ್ಲಿ ಮಹಿಳೆಯರು ಮೊದಲ ಬಾರಿ ಕುಟುಂಬದೊಂದಿಗೆ ಕುಳಿತು ಫುಟ್‌ಬಾಲ್ ಲೀಗ್ ಪಂದ್ಯ ನೋಡಿದರು. ಏಪ್ರಿಲ್ 18ರಂದು ರಿಯಾದ್‌ನಲ್ಲಿ ಸಿನಿಮಾ ಮಂದಿರ ತೆರೆಯಿತು. ಜೂನ್ 24ರಿಂದ ಮಹಿಳೆಯರು ಕಾರು ಓಡಿಸಿದರು. 2019ರ ಸೆಪ್ಟೆಂಬರ್‌ನಲ್ಲಿ 49 ದೇಶಗಳವರಿಗೆ ಪ್ರವಾಸಿ ವೀಸಾ ಬಂತು. ಹಜ್, ಉಮ್ರಾ, ಉದ್ಯೋಗ, ವ್ಯಾಪಾರಗಳಿಗಲ್ಲದೆ ಸುಮ್ಮನೆ ನೋಡಿ ಹೋಗಲು ಆ ದೇಶ ಬಾಗಿಲು ತೆರೆದದ್ದು ಹೊಸ ಸಂಗತಿ.

ಹಣದ ಹೊಳೆಯೂ ಹರಿಯಿತು. 2020ರಿಂದ ಡಾಕರ್ ರ‍್ಯಾಲಿ, 2021ರಲ್ಲಿ ಜಿದ್ದಾದಲ್ಲಿ ಫಾರ್ಮುಲಾ ಒನ್ ಕಾರು ಪಂದ್ಯ, ಅದೇ ವರ್ಷ ಇಂಗ್ಲೆಂಡಿನ ನ್ಯೂಕಾಸಲ್ ಕ್ಲಬ್‌ನ ಖರೀದಿ, 2022ರ ಕೊನೆಯಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ರಿಯಾದ್‌ನ ಅಲ್ ನಸರ್ ಸೇರಿದ್ದು, 2023ರಲ್ಲಿ ದೇಶದ ನಾಲ್ಕು ದೊಡ್ಡ ಕ್ಲಬ್‌ಗಳಲ್ಲಿ ಸರಕಾರಿ ನಿಧಿ ಮುಕ್ಕಾಲು ಪಾಲು ಕೊಂಡದ್ದು ಒಂದರ ಹಿಂದೆ ಒಂದು. 2030ರ ವರ್ಲ್ಡ್ ಎಕ್ಸ್‌ಪೋ ರಿಯಾದ್‌ಗೆ ಸಿಕ್ಕಿತು. 2034ರ ಫುಟ್‌ಬಾಲ್ ವಿಶ್ವಕಪ್ ಸೌದಿಗೆ ಎಂದು 2024ರ ಡಿಸೆಂಬರ್ 11ರಂದು ಘೋಷಣೆಯಾಯಿತು. ಆಟಕ್ಕೆ ಜತೆಯಾಗಿ ಪ್ರಾಚೀನ ತಾಣಗಳ ಬಾಗಿಲೂ ತೆರೆಯಿತು. ಅಲ್‌ಉಲಾ ಬಳಿ ಬಂಡೆ ಕೊರೆದು ಮಾಡಿದ ನಬಾತಿಯನ್ನರ ಸಮಾಧಿಗಳ ಹೆಗ್ರಾ, 2008ರಲ್ಲಿ ಸೌದಿಗೆ ದೊರೆತ ಮೊದಲ ವಿಶ್ವ ಪರಂಪರೆಯ ತಾಣ. ಬಹುಕಾಲ ಜನ ಹೆಜ್ಜೆ ಇಡದಿದ್ದ ಆ ಜಾಗದಲ್ಲಿ ಸ್ಥಳೀಯ ಯುವಕ ಯುವತಿಯರು ಮಾರ್ಗದರ್ಶಕರಾಗಿದ್ದಾರೆ.

ಫಲ ಏನು? 2023ರಲ್ಲಿ ದೇಶದೊಳಗಿನವರ ಓಡಾಟವೂ ಸೇರಿ ಪ್ರವಾಸಿಗರ ಸಂಖ್ಯೆ 10 ಕೋಟಿ ದಾಟಿತು. ಏಳು ವರ್ಷ ಮೊದಲೇ ಗುರಿ ಮುಟ್ಟಿದ್ದರಿಂದ ಹೊಸ ಗುರಿ 15 ಕೋಟಿ. ಹೊರದೇಶದಿಂದ ಬಂದವರು ಸುಮಾರು 2 ಕೋಟಿ 70 ಲಕ್ಷ, ಅದರಲ್ಲಿ ಧಾರ್ಮಿಕ ಯಾತ್ರಿಕರ ಪಾಲು ದೊಡ್ಡದು. 2030ಕ್ಕೆ ದುಡಿಮೆಯಲ್ಲಿ ಮಹಿಳೆಯರ ಪಾಲು ಶೇಕಡ 30 ಆಗಬೇಕೆಂಬ ಗುರಿಯನ್ನು ಹಲವು ವರ್ಷ ಮುಂಚೆಯೇ ದಾಟಿದರು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಗಳಿಕೆ ಇದೇ. ರೊನಾಲ್ಡೊ ಇಂದು ಬಂದು ನಾಳೆ ಹೋಗಬಹುದು. ಟಿಕೆಟ್ ಕೌಂಟರಿನಲ್ಲಿ, ಹೊಟೇಲಿನ ಸ್ವಾಗತ ಕಟ್ಟೆಯಲ್ಲಿ, ಸಂಗ್ರಹಾಲಯದಲ್ಲಿ ಕೆಲಸ ಕಲಿತ ಹೆಣ್ಣುಮಗಳ ಕೈಯಿಂದ ಆ ಕಸುಬನ್ನು ಯಾರೂ ಕಿತ್ತುಕೊಳ್ಳಲಾರರು.

ಇನ್ನೊಂದು ಬದಿಯೂ ಇದೆ. 2023ರಲ್ಲಿ ಸೌದಿಯ ಒಟ್ಟು ಉತ್ಪನ್ನದಲ್ಲಿ ತೈಲೇತರ ಚಟುವಟಿಕೆಯ ಪಾಲು ಅರ್ಧಕ್ಕೆ ಮುಟ್ಟಿತೆಂದು ಸರಕಾರ ಹೇಳಿತು. ಆದರೆ 2024ರಲ್ಲೂ ಬೊಕ್ಕಸದ ಆದಾಯದಲ್ಲಿ ನೂರಕ್ಕೆ ಅರವತ್ತು ರಿಯಾಲ್ ಬಂದದ್ದು ತೈಲದಿಂದಲೇ. ಆಟಗಾರರಿಗೆ ಕೊಡುವ ಹಣ, ಮೈದಾನ ಕಟ್ಟುವ ಹಣ ಬಹುಪಾಲು ಅದೇ ತೈಲದ್ದು. ತೈಲದಿಂದ ಬಿಡುಗಡೆ ಪಡೆಯಲು ಕಟ್ಟುತ್ತಿರುವ ಉದ್ಯಮ, ತೈಲದ ಬೆಲೆ ಇಳಿದ ಕೂಡಲೇ ತಾನೂ ನಡುಗುತ್ತದೆ. ಮಾನವ ಹಕ್ಕುಗಳ ಬಗೆಗಿನ ಟೀಕೆಯನ್ನು ಮರೆಸಲು ಆಟದ ಸಡಗರ ಎಬ್ಬಿಸಲಾಗುತ್ತಿದೆ ಎಂದು ಆಕ್ಷೇಪಿಸುವವರೂ ಜಗತ್ತಿನಲ್ಲಿ ಬಹಳಷ್ಟಿದ್ದಾರೆ. ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಮೂವತ್ತರೊಳಗಿನ ಶೇಕಡ 63 ಮಂದಿಗೆ ಕೆಲಸ ಬೇಕೆಂಬುದೂ ಸುಳ್ಳಲ್ಲ.

ನಮ್ಮವರು ಏನು ಮಾಡಬೇಕು?

ಹಾಗಾದರೆ ಡೊಂಬಿವಲಿಯ ಹಿರಿಯರಿಗೆ ಏನು ಹೇಳುವುದು? ನಾನು ಹೇಳಿದ್ದು ಇಷ್ಟು. ಈ ಉದ್ಯಮ ಒಂದೆರಡು ವರ್ಷದ ತಮಾಷೆಯಲ್ಲ. 2030, 2034ರ ದಿನಾಂಕಗಳು ಎದುರಿಗಿರುವಾಗ ಅಲ್ಲಿ ಕೆಲಸ ಇದ್ದೇ ಇರುತ್ತದೆ. ಆದರೆ ಅದು ನಿಮ್ಮ ಕಾಲದ ಕೆಲಸದಂತಲ್ಲ. ಇಪ್ಪತ್ತು ವರ್ಷ ಒಂದೇ ಕಂಪೆನಿಯಲ್ಲಿ ಕುಳಿತು ಊರಿನಲ್ಲಿ ಮನೆ ಕಟ್ಟುವ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಉತ್ಸವದ ಋತು ಇದ್ದಾಗ ದುಡಿಮೆ, ಇಲ್ಲದಾಗ ಹುಡುಕಾಟ. ಜತೆಗೆ 2011ರಿಂದ ಜಾರಿಯಲ್ಲಿರುವ ನಿತಾಖತ್ ನಿಯಮದಂತೆ ಸ್ಥಳೀಯರಿಗೆ ಮೀಸಲಾಗುವ ಹುದ್ದೆಗಳು ಹೆಚ್ಚುತ್ತಲೇ ಇವೆ. ಈ ಹೊಸ ಉದ್ಯಮ ಹುಟ್ಟಿದ್ದೇ ಅವರ ಮಕ್ಕಳಿಗಾಗಿ ಎಂಬುದನ್ನು ನಾವು ಮರೆಯಬಾರದು. ಅವರು ಕೆಲಸ ಕಲಿಯುವ ತನಕ ಕಲಿಸಿಕೊಡುವವರು ಬೇಕು. ಆ ಜಾಗ ನಮ್ಮವರದು. ಕಲಿಸುವಷ್ಟು ಕಸುಬು ಕೈಯಲ್ಲಿದ್ದವನಿಗೆ ರಿಯಾದ್ ಮುಗಿದರೆ ದೋಹಾ, ದೋಹಾ ಮುಗಿದರೆ ದುಬೈ. ಕಸುಬಿಲ್ಲದೆ ಹೋದವನಿಗೆ ಡೇರೆ ಬಿಚ್ಚಿದ ದಿನವೇ ಊರಿನ ದಾರಿ.

ಹೋಗುವ ಮೊದಲು ನೋಡಬೇಕಾದ ಕಾಗದಪತ್ರಗಳ ವಿಷಯದಲ್ಲಿ ಸಂಘಗಳು ನೆರವಾಗಬಹುದು. ಏಜೆಂಟನ ಹೆಸರು ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ, ಕರಾರಿನಲ್ಲಿ ಸಂಬಳ, ಅವಧಿ, ವಸತಿ, ಮರಳುವ ಟಿಕೆಟ್ ಬರೆದಿದೆಯೇ, ಭೇಟಿ ವೀಸಾದಲ್ಲಿ ಕಳುಹಿಸಿ ಅಲ್ಲಿ ನೋಡೋಣ ಎನ್ನುತ್ತಿದ್ದಾರೆಯೇ ಎಂದು ಪರೀಕ್ಷಿಸುವುದು ಮುಖ್ಯ. ವಲಸೆ ತಪಾಸಣೆಯ ಪಾಸ್‌ಪೋರ್ಟ್ ಇರುವವರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ ಕೆಲವೇ ನೂರು ರೂಪಾಯಿಗೆ 10 ಲಕ್ಷ ರೂಪಾಯಿಯ ವಿಮೆ ಸಿಗುತ್ತದೆ. ಎಷ್ಟೋ ಕುಟುಂಬಗಳಿಗೆ ಹೀಗೊಂದು ವಿಮೆ ಇದೆಯೆಂಬುದೇ ಗೊತ್ತಿರುವುದಿಲ್ಲ.

ಮತ್ತೊಂದು ಮಾತು ಸಂಘಗಳಿಗೇ ಸಂಬಂಧಿಸಿದ್ದು. ಮುಂಬಯಿಯ ನಮ್ಮ ಸಂಸ್ಥೆಗಳು ವರ್ಷ ವರ್ಷವೂ ಕ್ರೀಡಾಕೂಟ, ಯಕ್ಷಗಾನ, ನಾಟಕ, ನೃತ್ಯ ಸ್ಪರ್ಧೆಗಳನ್ನು ನಡೆಸುತ್ತವೆ. ಅಬುಧಾಬಿ, ದೋಹಾ, ಬಹರೈನ್‌ಗಳ ಕನ್ನಡ ಸಂಘಗಳೂ ಊರಿನ ಕಲಾವಿದರನ್ನು ಕರೆಸಿಕೊಳ್ಳುತ್ತವೆ. ನಾವು ಇದನ್ನು ಸೇವೆ ಎಂದೇ ಭಾವಿಸಿದ್ದೇವೆ, ದಾನಿಗಳ ಔದಾರ್ಯದಿಂದ ನಡೆಸಿಕೊಂಡು ಬಂದಿದ್ದೇವೆ. ಅದು ಒಳ್ಳೆಯದೇ. ಆದರೆ ಆ ವೇದಿಕೆಯ ಹಿಂದೆ ಧ್ವನಿ-ಬೆಳಕು ನೋಡಿಕೊಳ್ಳುವ, ಟಿಕೆಟ್ ಮತ್ತು ಲೆಕ್ಕ ಸಂಭಾಳಿಸುವ, ಸಾವಿರ ಜನರ ಊಟದ ವ್ಯವಸ್ಥೆ ಮಾಡುವ, ಕಲಾವಿದರನ್ನು ಕರೆತಂದು ಕಳುಹಿಸುವ ನಮ್ಮ ಹುಡುಗ ಹುಡುಗಿಯರು ಕಲಿಯುತ್ತಿರುವುದು ಜಗತ್ತಿನಲ್ಲಿ ಬೆಲೆಯುಳ್ಳ ಕಸುಬನ್ನೇ. ಕಾರ್ಯಕ್ರಮ ಮುಗಿದ ಮೇಲೆ ಅತಿಥಿಗಳಿಗೆ ಶಾಲು, ಸ್ಮರಣಿಕೆ ಕೊಡುವಂತೆಯೇ, ಹೀಗೆ ದುಡಿದ ಯುವಕರಿಗೆ ಏನು ಕೆಲಸ ಮಾಡಿದರೆಂದು ವಿವರವಾಗಿ ಬರೆದ ಅನುಭವ ಪತ್ರವನ್ನೂ ಸಂಘದ ಮುದ್ರೆ ಹಾಕಿ ಕೊಟ್ಟರೆ ಖರ್ಚೇನೂ ಇಲ್ಲ. ಸಂದರ್ಶನದಲ್ಲಿ ತೋರಿಸಲು ಅವರ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.

ಡೊಂಬಿವಲಿಯ ಹಿರಿಯರು ಎಲ್ಲವನ್ನೂ ಕೇಳಿಕೊಂಡರು. 'ಅಂದರೆ ಕಳಿಸಬಹುದು, ಆದರೆ ಕಣ್ಣು ಮುಚ್ಚಿ ಅಲ್ಲ' ಎಂದರು. ಅಷ್ಟೇ ಎಂದೆ. ಕರಾರಿನ ಪ್ರತಿಯನ್ನು ಮುಂದಿನ ಭಾನುವಾರ ಸಂಘದ ಕಚೇರಿಗೆ ತರುತ್ತಾರಂತೆ. ನಮ್ಮಲ್ಲಿ ಕಾನೂನು ಬಲ್ಲ ಸದಸ್ಯರೊಬ್ಬರು ಅದನ್ನು ಓದಿ ನೋಡಲು ಒಪ್ಪಿದ್ದಾರೆ. ಇಂತಹ ಕಾಗದ ಹಿಡಿದುಕೊಂಡಿರುವ ಮನೆಗಳು ಇನ್ನೂ ಎಷ್ಟೋ ಇವೆ. ತಿಂಗಳಿಗೆ ಒಂದು ಭಾನುವಾರ, ಎರಡು ಗಂಟೆ, ಅವರಿಗಾಗಿ ಕಚೇರಿಯ ಬಾಗಿಲು ತೆರೆದಿಡುವುದು ನಮ್ಮ ಯಾವ ಸಂಘಕ್ಕೂ ಭಾರವಾಗಲಾರದು.